8ಡಿ ಅಂದರೇನು? ಒಂದು ತಪ್ಪಿಗೆ ಎರಡು ಕಾರಣ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಐಟಿಐ, ಡಿಪ್ಲೊಮಾ ಮುಗಿಸಿದ ಎಷ್ಟೋ ಮಂದಿ ಪುಣೆಯ ಚಾಕಣಕ್ಕೆ, ಹೈದರಾಬಾದಿಗೆ, ಬೆಂಗಳೂರಿನ ಪೀಣ್ಯಕ್ಕೆ ಕೆಲಸಕ್ಕೆ ಹೋಗುತ್ತಾರೆ. ಬೀದರ್‌ನವರಿಗೆ ಗಡಿ ದಾಟಿದರೆ ಜಹೀರಾಬಾದ್ ಇದೆ, ಅಲ್ಲಿ ಟ್ರ್ಯಾಕ್ಟರ್ ತಯಾರಾಗುತ್ತದೆ. ಗಾಡಿಯ ಬಿಡಿಭಾಗ ಮಾಡುವ ಯಾವ ಕಂಪನಿಯ ಕ್ವಾಲಿಟಿ ವಿಭಾಗಕ್ಕೆ ಸೇರಿದರೂ ಬೇಗನೇ ಕಿವಿಗೆ ಬೀಳುವ ಮಾತು ‘8ಡಿ’. ಇಂಟರ್‌ವ್ಯೂನಲ್ಲೂ ಕೇಳುತ್ತಾರೆ. ಎಂಟು ಹೆಜ್ಜೆಗಳ ಹೆಸರು ಹೆಚ್ಚಿನವರಿಗೆ ಬಾಯಿಪಾಠ ಇರುತ್ತದೆ. ಆದರೆ ಡಿ4ರಲ್ಲಿ ಎಷ್ಟು ಕಾರಣ ಹುಡುಕಬೇಕು ಅಂತ ಕೇಳಿದರೆ ಉತ್ತರ ಬರುವುದಿಲ್ಲ. 8ಡಿಯ ಜೀವ ಇರುವುದೇ ಅಲ್ಲಿ.

ಮೊದಲು ಅರ್ಥ. ಇಲ್ಲಿ ‘ಡಿ’ ಅಂದರೆ ಡಿಸಿಪ್ಲಿನ್. ಕಳಿಸಿದ ಮಾಲಿನಲ್ಲಿ ತಪ್ಪು ಕಂಡಾಗ ಅದನ್ನು ತಡೆದು, ಕಾರಣ ಹುಡುಕಿ, ಮತ್ತೆ ಆಗದಂತೆ ಮಾಡಲು ಒಂದು ತಂಡ ಸಾಲಾಗಿ ಇಡುವ ಎಂಟು ಹೆಜ್ಜೆಗಳಿವು. ಅಮೆರಿಕದ ಫೋರ್ಡ್ ಕಂಪನಿ 1987ರಲ್ಲಿ ಇದನ್ನು ಕೈಪಿಡಿಯಾಗಿ ತಂದಿತು. ಮುಂದೆ ಶುರುವಿಗೊಂದು ತಯಾರಿಯ ಹೆಜ್ಜೆ ಸೇರಿತು, ಅದು ಡಿ0. ಎಣಿಸಿದರೆ ಒಂಬತ್ತಾದರೂ ಹೆಸರು 8ಡಿ ಅಂತಲೇ ಉಳಿಯಿತು. ವಾಹನ ಉದ್ಯಮದ ಕ್ವಾಲಿಟಿ ಮಾನದಂಡ ಐಎಟಿಎಫ್ 16949 ಪ್ರಕಾರ ಅದನ್ನು ಪಾಲಿಸುವ ಪ್ರತಿ ಕಂಪನಿಯಲ್ಲೂ ಸಮಸ್ಯೆ ಬಿಡಿಸುವ ವಿಧಾನವೊಂದು ಬರಹದಲ್ಲಿ ಇರಲೇಬೇಕು. ಆ ವಿಧಾನ 8ಡಿಯೇ ಆಗಬೇಕು ಅಂತ ಮಾನದಂಡ ಹೇಳುವುದಿಲ್ಲ. ಕಸ್ಟಮರ್ ಇಂಥದ್ದೇ ಬೇಕು ಅಂದರೆ ಮಾತ್ರ ಅದನ್ನೇ ಬಳಸಬೇಕು.

ಈಗ ಒಂದು ಉದಾಹರಣೆ ಕಟ್ಟೋಣ. ಹುಮನಾಬಾದ್‌ನ ಕೈಗಾರಿಕಾ ಪ್ರದೇಶದಲ್ಲಿ ಒಂದು ಚಿಕ್ಕ ಶೆಡ್ ಇದೆ ಅಂದುಕೊಳ್ಳಿ. ತಗಡಿನ ಬ್ರ್ಯಾಕೆಟ್‌ಗೆ ಎರಡು ನಟ್ ವೆಲ್ಡ್ ಮಾಡಿ ಟ್ರ್ಯಾಕ್ಟರ್ ಕಂಪನಿಗೆ ಕಳಿಸುತ್ತಾರೆ. ಬ್ರ್ಯಾಕೆಟ್ ಅನ್ನು ಅಲುಗದಂತೆ ಕ್ಲ್ಯಾಂಪ್ ಹಾಕಿ ಹಿಡಿಯುವ ಚೌಕಟ್ಟಿಗೆ ಜಿಗ್ ಅನ್ನುತ್ತಾರೆ. ವರ್ಕರ್ ನಟ್ ಅನ್ನು ಪಿನ್ ಮೇಲೆ ಇಟ್ಟು ಪೆಡಲ್ ಒತ್ತುತ್ತಾನೆ, ಮೇಲಿನಿಂದ ಎಲೆಕ್ಟ್ರೋಡ್ ಇಳಿದು ವೆಲ್ಡ್ ಮಾಡುತ್ತದೆ. ಹೀಗೆ ಎರಡು ಸಲ. ಒಂದು ದಿನ ಕಸ್ಟಮರ್ ಕಡೆಯಿಂದ ಕಂಪ್ಲೇಂಟ್ ಬರುತ್ತದೆ: ಬ್ರ್ಯಾಕೆಟ್‌ನಲ್ಲಿ ಒಂದೇ ನಟ್ ಇದೆ, ಬೋಲ್ಟ್ ಹಾಕಲು ಹೋದರೆ ಆ ಕಡೆ ಹಿಡಿಯಲು ಏನೂ ಇಲ್ಲ, ಲೈನ್ ನಿಂತಿದೆ.

ಡಿ0ದಲ್ಲಿ ಇದಕ್ಕೆ 8ಡಿ ಬೇಕಾ ಅಂತ ತೀರ್ಮಾನಿಸುತ್ತಾರೆ. ಡಿ1ರಲ್ಲಿ ತಂಡ ಕಟ್ಟುತ್ತಾರೆ. ಆ ಮಷಿನ್ ಮೇಲೆ ದಿನಾ ನಿಲ್ಲುವ ವರ್ಕರ್ ತಂಡದಲ್ಲಿ ಇರಲೇಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಕ್ವಾಲಿಟಿ ಇಂಜಿನಿಯರ್ ಒಬ್ಬನೇ ಕಂಪ್ಯೂಟರ್ ಮುಂದೆ ಕೂತು ರಾತ್ರೋರಾತ್ರಿ ತುಂಬಿದ 8ಡಿಗಳೇ ಜಾಸ್ತಿ, ಅವುಗಳಿಂದ ಯಾರಿಗೂ ಉಪಯೋಗ ಇಲ್ಲ.

ಡಿ2 ಸಮಸ್ಯೆಯ ವಿವರ. "ನಟ್ ಮಿಸ್ಸಿಂಗ್" ಅಂತ ಬರೆದು ಮುಂದೆ ಹೋಗಬಾರದು. ಏನು, ಎಲ್ಲಿ, ಯಾವಾಗ, ಎಷ್ಟು ಅನ್ನುವುದರ ಜೊತೆಗೆ ಯಾವುದು ಅಲ್ಲ, ಎಲ್ಲಿ ಇಲ್ಲ ಅನ್ನುವುದೂ ಬೇಕು. ನಮ್ಮ ಉದಾಹರಣೆಯಲ್ಲಿ ಕೈಬಿಟ್ಟಿದ್ದು ಪ್ರತಿ ಸಲವೂ ಎರಡನೇ ನಟ್. ಮೊದಲನೆಯದು ಒಮ್ಮೆಯೂ ತಪ್ಪಿಲ್ಲ. ಕೆಟ್ಟ ಪೀಸ್ ಗುಂಪಾಗಿ ಸಿಕ್ಕಿಲ್ಲ, ಒಂದು ಲಾಟ್‌ಗೆ ಒಂದರಂತೆ ಸಿಕ್ಕಿದೆ. ಪಕ್ಕದ ಮಷಿನ್‌ನಲ್ಲೂ ಇದೇ ಕೆಲಸ ನಡೆಯುತ್ತದೆ, ಅಲ್ಲಿ ಈ ತೊಂದರೆ ಇಲ್ಲ. ಇಷ್ಟನ್ನು ಬರೆದಿಟ್ಟರೆ ಅರ್ಧ ದಾರಿ ಸಾಗಿದಂತೆ. ವರ್ಕರ್‌ನ ಗಮನ ಕಡಿಮೆಯಾಗಿದ್ದರೆ ಮೊದಲ ನಟ್ಟೂ ಆಗಾಗ ತಪ್ಪಬೇಕಿತ್ತಲ್ವಾ?

ಡಿ3 ತಾತ್ಕಾಲಿಕ ತಡೆ. ಮಾಳಿಗೆ ಸೋರುವಾಗ ಕೆಳಗೆ ಬಕೆಟ್ ಇಟ್ಟಂತೆ. ನಮ್ಮ ಶೆಡ್‌ನಲ್ಲಿರುವ ಮಾಲು, ಲಾರಿಯಲ್ಲಿರುವ ಮಾಲು, ಕಸ್ಟಮರ್‌ನ ಸ್ಟೋರ್ ಮತ್ತು ಲೈನ್‌ನಲ್ಲಿರುವ ಮಾಲು, ನಾಲ್ಕೂ ಕಡೆ ಒಂದೊಂದು ಪೀಸ್ ಬಿಡದೆ ನೋಡಬೇಕು. ನೋಡಿದ್ದಕ್ಕೆ ಬಣ್ಣದ ಚುಕ್ಕೆ ಇಡಬೇಕು. ಎಷ್ಟು ನೋಡಿದೆವು, ಎಷ್ಟು ಕೆಟ್ಟದ್ದು ಸಿಕ್ಕಿತು ಅನ್ನುವ ಲೆಕ್ಕ ಇಡಬೇಕು. ಬಹಳ ಕಸ್ಟಮರ್‌ಗಳು ಇಷ್ಟನ್ನು 24 ಗಂಟೆಯೊಳಗೆ ಕೇಳುತ್ತಾರೆ. ಇದು ಪರಿಹಾರ ಅಲ್ಲ. ಆದರೆ ಎಷ್ಟೋ ಕಡೆ ಇಲ್ಲಿಗೇ ಕೆಲಸ ನಿಂತುಬಿಡುತ್ತದೆ, ಚೆಕ್ ಮಾಡಲು ಒಬ್ಬ ಹೆಚ್ಚುವರಿ ಹುಡುಗ ವರ್ಷಗಟ್ಟಲೆ ಅಲ್ಲೇ ಕೂತಿರುತ್ತಾನೆ.

ಇನ್ನು ಡಿ4, ಮೂಲ ಕಾರಣ. ಇಲ್ಲಿ ಕೇಳಬೇಕಾದ ಪ್ರಶ್ನೆ ಎರಡು. ತಪ್ಪು ಯಾಕೆ ಆಯಿತು? ಆದ ತಪ್ಪು ನಮ್ಮ ಕೈಗೆ ಸಿಗದೆ ಹೊರಗೆ ಯಾಕೆ ಹೋಯಿತು? ಎರಡಕ್ಕೂ ಬೇರೆ ಬೇರೆ ಉತ್ತರ ಇರುತ್ತದೆ.

ಮೊದಲನೆಯದನ್ನು ನೋಡೋಣ. ಎರಡನೇ ನಟ್ ಯಾಕೆ ಬೀಳಲಿಲ್ಲ? ವರ್ಕರ್‌ನನ್ನೇ ಕೇಳಿದರೆ ಹೇಳುತ್ತಾನೆ: "ಸರ್, ನಡುವ ಕರೆಂಟ್ ಹೋಗತೈತ್ರಿ. ಬಂದಮ್ಯಾಲ ಜಿಗ್‌ನ್ಯಾಗಿನ ಪೀಸ್ ತೆಗೆದು ಡಬ್ಬಿಗೆ ಹಾಕತೀವಿ. ಅದು ಅರ್ಧಾ ಆಗಿತ್ತೋ ಪೂರ್ತಿ ಆಗಿತ್ತೋ ಹ್ಯಾಂಗ ಗೊತ್ತಾಗಬೇಕ್ರಿ?" ಯಾಕೆ ಗೊತ್ತಾಗುವುದಿಲ್ಲ? ಕರೆಂಟ್ ಹೋದರೆ ಎಷ್ಟು ವೆಲ್ಡ್ ಆಯಿತು ಅನ್ನುವ ಮಷಿನ್‌ನ ಎಣಿಕೆ ಸೊನ್ನೆಗೆ ಬರುತ್ತದೆ, ಕ್ಲ್ಯಾಂಪ್ ಸಡಿಲಾಗುತ್ತದೆ. ಯಾಕೆ ಹಾಗೆ? ಮಷಿನ್ ಹೊಂದಿಸುವಾಗ ಕರೆಂಟ್ ಹೋದರೆ ಏನಾಗಬೇಕು ಅಂತ ಯಾರೂ ಯೋಚಿಸಿರಲಿಲ್ಲ. ಪಕ್ಕದ ಮಷಿನ್‌ನ ಕಂಟ್ರೋಲ್‌ಗೆ ಬ್ಯಾಟರಿ ಬ್ಯಾಕಪ್ ಇತ್ತು, ಅದಕ್ಕೇ ಅಲ್ಲಿ ತಪ್ಪು ಇರಲಿಲ್ಲ. ಹೀಗೆ ಒಂದರ ಹಿಂದೆ ಒಂದು ಯಾಕೆ ಕೇಳುತ್ತಾ ಹೋಗುವುದಕ್ಕೇ ‘ಫೈವ್ ವೈ’ ಅನ್ನುತ್ತಾರೆ. ಟೊಯೋಟಾದಿಂದ ಬಂದ ಪದ್ಧತಿ ಅದು. ಐದೇ ಸಲ ಅಂತ ನಿಯಮ ಇಲ್ಲ, ಸರಿಪಡಿಸಬಹುದಾದ ಕಾರಣ ಸಿಗುವವರೆಗೆ ಕೇಳಬೇಕು. ಕಾರಣ ಹಲವು ಇರಬಹುದು ಅನ್ನಿಸಿದಾಗ ಜಪಾನಿನ ಕ್ವಾಲಿಟಿ ತಜ್ಞ ಕೌರು ಇಶಿಕಾವಾ ರೂಪಿಸಿದ, ಕಾರಣಗಳನ್ನು ಗುಂಪು ಮಾಡಿ ತೋರಿಸುವ ಮೀನಿನ ಮೂಳೆಯ ಚಿತ್ರ ಬಿಡಿಸುತ್ತಾರೆ. ಇವೆರಡೂ 8ಡಿಗೆ ಬದಲಿ ಅಲ್ಲ, ಡಿ4ರೊಳಗೆ ಬಳಸುವ ಸಾಧನಗಳು.

ಕಾರಣ ನಿಜವೋ ಅಂತ ನೋಡಲು ಅದನ್ನು ಬೇಕಂತಲೇ ಆನ್ ಆಫ್ ಮಾಡಬೇಕು. ಮೊದಲ ವೆಲ್ಡ್ ಆದ ಕೂಡಲೇ ಮೇನ್ ಸ್ವಿಚ್ ಆಫ್ ಮಾಡಿ ನೋಡಿ. ಅರ್ಧ ಪೀಸ್ ಸಲೀಸಾಗಿ ಹೊರಗೆ ಬಂದರೆ ಕಾರಣ ಖಚಿತ.

ಎರಡನೇ ಪ್ರಶ್ನೆಗೆ ಬನ್ನಿ. ಇನ್‌ಸ್ಪೆಕ್ಷನ್ ಇತ್ತಲ್ಲ, ಆದರೂ ಯಾಕೆ ಸಿಗಲಿಲ್ಲ? ಗಂಟೆಗೆ ಐದು ಪೀಸ್ ತೆಗೆದು ನೋಡುವ ಪದ್ಧತಿ ಇತ್ತು. ಟೂಲ್ ಸವೆದು ಅಳತೆ ನಿಧಾನಕ್ಕೆ ಜಾರುವ ತಪ್ಪನ್ನು ಅದು ಹಿಡಿಯುತ್ತದೆ. ಯಾವಾಗಲೋ ಒಮ್ಮೆ ಬರುವ ಒಂಟಿ ತಪ್ಪು ಆ ಐದರಲ್ಲಿ ಬೀಳುವುದು ಬರೀ ಅದೃಷ್ಟ. ಪ್ಯಾಕಿಂಗ್‌ನಲ್ಲಿ ತೂಕ ನೋಡಿ ಪೀಸ್ ಎಣಿಸುತ್ತಿದ್ದರು, ಇಡೀ ಕ್ರೇಟಿನ ತೂಕದಲ್ಲಿ ಒಂದು ನಟ್ ಕಡಿಮೆಯಾದದ್ದು ಗೊತ್ತಾಗುವುದೇ ಇಲ್ಲ. ಅಂದರೆ ಇನ್‌ಸ್ಪೆಕ್ಟರ್ ಕೆಲಸ ಸರಿಯಾಗೇ ಮಾಡಿದ್ದಾನೆ. ಆ ಪದ್ಧತಿಯೇ ಈ ತಪ್ಪಿಗೆ ತಕ್ಕದ್ದಲ್ಲ.

"ವರ್ಕರ್‌ನ ನಿರ್ಲಕ್ಷ್ಯ, ಅವನಿಗೆ ಮತ್ತೆ ತರಬೇತಿ ಕೊಟ್ಟಿದ್ದೇವೆ" ಅಂತ ಬರೆದ 8ಡಿಯನ್ನು ಒಳ್ಳೆಯ ಕಸ್ಟಮರ್ ವಾಪಸ್ ಕಳಿಸುತ್ತಾನೆ. ಅದು ಸರಿಯಾದದ್ದೇ. ಆ ಸಾಲು ಬರೆದ ಕ್ಷಣ ಹುಡುಕಾಟ ನಿಲ್ಲುತ್ತದೆ, ಬಡ ಹುಡುಗನೊಬ್ಬನ ತಲೆಗೆ ತಪ್ಪು ಕಟ್ಟಿದಂತಾಗುತ್ತದೆ, ಮುಂದಿನ ಸಲ ಕರೆಂಟ್ ಹೋದಾಗ ಅದೇ ಅರ್ಧ ಪೀಸ್ ಮತ್ತೆ ಡಬ್ಬಿಗೆ ಬೀಳುತ್ತದೆ.

ಡಿ5ರಲ್ಲಿ ಶಾಶ್ವತ ಕ್ರಮ ಆರಿಸುತ್ತಾರೆ, ಎರಡು ಕಾರಣಕ್ಕೂ ಬೇರೆ ಬೇರೆ. ಎರಡೂ ವೆಲ್ಡ್ ಆಗುವವರೆಗೆ ಕ್ಲ್ಯಾಂಪ್ ಬಿಡಬಾರದು, ಕರೆಂಟ್ ಹೋಗಿ ಬಂದರೂ ಎಣಿಕೆ ಉಳಿಯಬೇಕು. ಕೊನೆಗೆ ಪ್ರತಿ ಪೀಸ್‌ನಲ್ಲೂ ಎರಡು ನಟ್ ಇವೆಯಾ ಅಂತ ಸೆನ್ಸರ್ ನೋಡಬೇಕು, ಇಲ್ಲದಿದ್ದರೆ ಹಸಿರು ದೀಪ ಹತ್ತಬಾರದು. ಇಂಥ ಏರ್ಪಾಡಿಗೆ ಜಪಾನಿನ ಹೆಸರು ಪೋಕಾ ಯೋಕೆ, ಅದನ್ನು ಬೆಳೆಸಿದವರು ಅಲ್ಲಿನ ಇಂಜಿನಿಯರ್ ಶಿಗೆಯೋ ಶಿಂಗೋ. ಡಿ6ರಲ್ಲಿ ಜಾರಿ ಮಾಡಿ, ಮತ್ತೆ ಮೇನ್ ಆಫ್ ಮಾಡಿ ಪರೀಕ್ಷಿಸಬೇಕು. ಪಕ್ಕಾ ಆದ ಮೇಲೆಯೇ ಡಿ3ರ ತಾತ್ಕಾಲಿಕ ಚೆಕಿಂಗ್ ತೆಗೆಯಬೇಕು.

ಡಿ7 ಮತ್ತೆ ಆಗದಂತೆ ತಡೆ. ಇದೇ ತರಹದ ಮಷಿನ್ ಇನ್ನೆಲ್ಲಿದೆ ಅಂತ ಹುಡುಕಿ ಅಲ್ಲೂ ಬದಲಾವಣೆ ಮಾಡಬೇಕು. ಎಫ್‌ಎಂಇಎ (ಎಲ್ಲಿ ಏನು ತಪ್ಪಬಹುದು ಅಂತ ಮೊದಲೇ ಯೋಚಿಸಿ ಬರೆದಿಡುವ ಪಟ್ಟಿ) ಮತ್ತು ಕಂಟ್ರೋಲ್ ಪ್ಲಾನ್‌ನಲ್ಲಿ (ಯಾವ ಹಂತದಲ್ಲಿ ಏನನ್ನು ಹೇಗೆ ಚೆಕ್ ಮಾಡಬೇಕು ಅನ್ನುವ ಪಟ್ಟಿ) ‘ಕರೆಂಟ್ ಹೋದಾಗ’ ಅನ್ನುವ ಸಾಲು ಸೇರಬೇಕು. ನಮ್ಮ ಕಡೆ ಹೊಸ ಮಷಿನ್ ಕೂರಿಸುವಾಗ ಈ ಸಾಲು ಮೊದಲ ದಿನವೇ ಇರಬೇಕು ಅನ್ನಿಸುತ್ತದೆ. ಡಿ8ರಲ್ಲಿ ತಂಡಕ್ಕೆ ಮೆಚ್ಚುಗೆ. ಕರೆಂಟಿನ ಸುಳಿವು ಕೊಟ್ಟ ವರ್ಕರ್‌ನ ಹೆಸರು ಇಲ್ಲಿ ಬರಲೇಬೇಕು.

ಎಲ್ಲದಕ್ಕೂ 8ಡಿ ಬೇಕಿಲ್ಲ. ಕಾರಣ ಕಣ್ಣಿಗೆ ಕಾಣುತ್ತಿದ್ದರೆ, ಅಂದರೆ ಸ್ಟಿಕರ್ ತಲೆಕೆಳಗಾಗಿ ಅಂಟಿದೆ, ಡಬ್ಬಿಯ ಮೇಲೆ ಚೀಟಿ ಬದಲಾಗಿದೆ ಅನ್ನುವಂಥದ್ದಾದರೆ ಅಲ್ಲೇ ಸರಿಮಾಡಿ ಬರೆದಿಟ್ಟರೆ ಸಾಕು. ಕಾರಣ ಗೊತ್ತಿಲ್ಲ, ಹಲವು ವಿಭಾಗದವರು ಸೇರಬೇಕು, ತಪ್ಪು ಮರುಕಳಿಸುತ್ತಿದೆ ಅಥವಾ ಗಾಡಿ ಓಡಿಸುವವರ ಸುರಕ್ಷತೆಗೆ ತಾಗುತ್ತದೆ ಅಂದಾಗ 8ಡಿ ಶುರು ಮಾಡಬೇಕು.