ಪ್ರತಿ ಮ್ಯಾಲಕ್‌ನ ಹಿಂದೆಯೂ ನಲ್ ಪರೀಕ್ಷೆ ಬರೆಯಲೇಬೇಕೆ?

ಪ್ರಶ್ನೆ: ತಿಪಟೂರು ಮಾರುಕಟ್ಟೆಯ ಕೊಬ್ಬರಿ ದರಪಟ್ಟಿಯನ್ನು ಓದಿ ವಿಂಗಡಿಸುವ ಪುಟ್ಟ ಕಮಾಂಡ್‌ಲೈನ್ ಪ್ರೋಗ್ರಾಂ ಒಂದನ್ನು ಸಿ ಭಾಷೆಯಲ್ಲಿ ಬರೆದಿದ್ದೇನೆ. 11 ಕಡೆ ಮ್ಯಾಲಕ್ (ಮೆಮೊರಿ ಕೇಳಿ ಪಡೆಯುವ ಫಂಕ್ಷನ್) ಇದ್ದು, ಪ್ರತಿಯೊಂದರ ಕೆಳಗೂ ನಲ್ ಪರೀಕ್ಷೆ (ಮೆಮೊರಿ ಸಿಗದೆ ನಲ್ ಎಂಬ ಖಾಲಿ ವಿಳಾಸ ಬಂದಿದೆಯೇ ಎಂಬ ತಪಾಸಣೆ) ಬರೆದು ಕೋಡ್ ಬೆಳೆದಿದೆ. ಇಷ್ಟೆಲ್ಲ ಬೇಕೆ? (ವಿದ್ಯಾರ್ಥಿ, ತುಮಕೂರು)

ಉತ್ತರ: ಪರೀಕ್ಷೆ ಬೇಕು, ಆದರೆ ಅದನ್ನು 11 ಸಲ ಬರೆಯಬೇಕಿಲ್ಲ. ಮ್ಯಾಲಕ್ ಕರೆದು, ನಲ್ ಬಂದರೆ ಸಂದೇಶ ಮುದ್ರಿಸಿ ಪ್ರೋಗ್ರಾಂ ಮುಗಿಸುವ ಒಂದು ಫಂಕ್ಷನ್ ಬರೆದು, ಎಲ್ಲೆಡೆ ಅದನ್ನೇ ಕರೆಯಿರಿ. ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯ ಪ್ರೋಗ್ರಾಂಗಳಲ್ಲಿ ಇದಕ್ಕೆ ಎಕ್ಸ್‌ಮ್ಯಾಲಕ್ ಎಂಬ ಹೆಸರು ರೂಢಿಯಲ್ಲಿದೆ. ಹನ್ನೊಂದು ಪ್ರತಿಗಳಿದ್ದಲ್ಲಿ ಒಂದೆರಡಾದರೂ ಕೆಟ್ಟಿರುತ್ತವೆ: ಒಂದು ಕಡೆ ಸಂದೇಶವು ಸ್ಟ್ಯಾಂಡರ್ಡ್ ಎರರ್ (ದೋಷ ಸಂದೇಶಗಳ ಹಾದಿ) ಬದಲು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹೋಗಿ, ಪೈಪ್‌ನಾಚೆಯ ಪ್ರೋಗ್ರಾಂ ಅದನ್ನೂ ಒಂದು ದರದ ಸಾಲೆಂದೇ ಓದುತ್ತದೆ, ಇನ್ನೊಂದು ಕಡೆ ಎಕ್ಸಿಟ್‌ಗೆ ಸೊನ್ನೆ (ಯಶಸ್ಸಿನ ಸಂಕೇತ) ಕೊಟ್ಟಿರುವುದರಿಂದ ಶೆಲ್ ಸ್ಕ್ರಿಪ್ಟ್ ಎಲ್ಲವೂ ಸರಿಯಾಗಿದೆ ಎಂದುಕೊಂಡು ಮುಂದುವರಿಯುತ್ತದೆ.

ಮುಗಿಸುವ ಮುನ್ನ ಪಡೆದ ಮೆಮೊರಿಯನ್ನೆಲ್ಲ ಫ್ರೀ ಮಾಡಬೇಕಿಲ್ಲ (ಹಿಂದಿರುಗಿಸಬೇಕಿಲ್ಲ). ಪ್ರಕ್ರಿಯೆಯ ಮೆಮೊರಿಯನ್ನು ಆಪರೇಟಿಂಗ್ ಸಿಸ್ಟಂ ಹಿಂದಕ್ಕೆ ಪಡೆಯುತ್ತದೆ. ಬೇರೆಯವರು ಬಳಸುವ ಲೈಬ್ರರಿಯಾದರೆ ಮಾತ್ರ ಹೀಗೆ ಪ್ರೋಗ್ರಾಂ ಮುಗಿಸುವ ದಾರಿ ಸಲ್ಲದು.

ನಿಜವಾದ ಎಚ್ಚರಿಕೆ ಬೇಕಿರುವುದು ಗಾತ್ರದ ಲೆಕ್ಕದಲ್ಲಿ. ಒಂದು ದಾಖಲೆಗೆ 40 ಬೈಟ್ ಎಂದುಕೊಳ್ಳಿ. 32 ಬಿಟ್ ವ್ಯವಸ್ಥೆಯಲ್ಲಿ 10,73,74,183 ದಾಖಲೆಗಳಿಗೆ ಗುಣಿಸಿದರೆ ಉತ್ತರ 32 ಬಿಟ್‌ಗಳಲ್ಲಿ ಹಿಡಿಸದೆ ಸುತ್ತಿ ಬಂದು ಬರೀ 24 ಆಗುತ್ತದೆ. ಮ್ಯಾಲಕ್ ಆ 24 ಬೈಟ್‌ಗಳನ್ನು ಧಾರಾಳವಾಗಿ ಕೊಡುತ್ತದೆ, ನಲ್ ಪರೀಕ್ಷೆಯೂ ಪಾಸಾಗುತ್ತದೆ, ಮೊದಲ ದಾಖಲೆಯನ್ನು ತುಂಬುವಾಗಲೇ ಪಕ್ಕದ ಮೆಮೊರಿ ಹಾಳಾಗುತ್ತದೆ. ಆದ್ದರಿಂದ ಸಂಖ್ಯೆಯನ್ನೂ ಗಾತ್ರವನ್ನೂ ಬೇರೆಬೇರೆಯಾಗಿ ಪಡೆದು, ಗುಣಾಕಾರವನ್ನು ತಾನೇ ಪರೀಕ್ಷಿಸಿ, ಹಿಂದೆ ಪಡೆದ ಜಾಗದ ಗಾತ್ರ ಬದಲಿಸಿಕೊಡುವ ರೀಅಲಾಕ್‌ಅರ್ರೇಯನ್ನು (ಗ್ನೂವಿನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ 2017ರ 2.26ನೇ ಆವೃತ್ತಿಯಿಂದ ಇದೆ) ಆ ಒಂದೇ ಫಂಕ್ಷನ್ನಿನೊಳಗೆ ಬಳಸಿರಿ. ಆದರೆ ವೈಫಲ್ಯದ ಬಳಿಕವೂ ಅದುವರೆಗೆ ಓದಿದ ಸಾಲುಗಳನ್ನು ಉಳಿಸಿಕೊಳ್ಳುವುದಾದರೆ ಫಲಿತಾಂಶವನ್ನು ಹಳೆಯ ಪಾಯಿಂಟರಿಗೇ (ಮೆಮೊರಿಯ ವಿಳಾಸ ಹಿಡಿದಿಡುವ ಚರಕ್ಕೇ) ನೇರವಾಗಿ ತುಂಬಬಾರದು, ಏಕೆಂದರೆ ಹಳೆಯ ಜಾಗ ಹಾಗೆಯೇ ಇದ್ದರೂ ಅದರ ವಿಳಾಸ ಕೈತಪ್ಪುತ್ತದೆ.

ಹರಾಜಿಲ್ಲದ ದಿನದ ಖಾಲಿ ಕಡತವನ್ನೂ ಮರೆಯಬೇಡಿ. ಸೊನ್ನೆ ಬೈಟ್ ಕೇಳಿದರೆ ಮ್ಯಾಲಕ್ ನಲ್ ಕೊಡಬಹುದೆಂದು ಸಿ ಮಾನಕವೇ ಹೇಳುವುದರಿಂದ, ಸೊನ್ನೆಯಿದ್ದರೆ ಒಂದು ಬೈಟ್ ಕೇಳಿರಿ. ಇಲ್ಲದಿದ್ದರೆ ಬೇಕಾದಷ್ಟು ಮೆಮೊರಿ ಇದ್ದೂ ಮೆಮೊರಿ ಮುಗಿದಿದೆ ಎಂಬ ಸಂದೇಶ ಬಂದೀತು.

ಲಿನಕ್ಸ್ ವಾಸ್ತವದಲ್ಲಿರುವುದಕ್ಕಿಂತ ಹೆಚ್ಚು ಮೆಮೊರಿಯ ವಾಗ್ದಾನ ಮಾಡುವುದರಿಂದ ಸಾಮಾನ್ಯ ಬಳಕೆಯಲ್ಲಿ ನಲ್ ಸಿಗುವುದೇ ಅಪರೂಪ. ಪರೀಕ್ಷಿಸಲು ಹೊಸದೊಂದು ಶೆಲ್ ತೆರೆದು, ಯುಲಿಮಿಟ್ ಎಂಬ ಶೆಲ್ ಆಜ್ಞೆಯ ವಿ ಆಯ್ಕೆಯಿಂದ ಮೆಮೊರಿಯ ಮಿತಿಯನ್ನು 20000 ಕಿಲೋಬೈಟಿಗೆ ಇಳಿಸಿ, ದೊಡ್ಡದೊಂದು ಕಡತ ಕೊಡಿ. ಒಂದೇ ಸಾಲಿನ ಸಂದೇಶ ಬಂದು ಎಕ್ಸಿಟ್ ಸಂಖ್ಯೆ 1 ಆಗಿದ್ದರೆ ಉಳಿದ ಹತ್ತು ಪ್ರತಿಗಳನ್ನು ಅಳಿಸಬಹುದು.