ಶುಗರ್ ನಾರ್ಮಲ್, ಆದರೂ ಬಾಯಾರಿಕೆ ಇಂಗುತ್ತಿಲ್ಲ. ಏನಿರಬಹುದು?

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಕೆಲವು ತಿಂಗಳ ಹಿಂದೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಈಗ ಹಗಲು ರಾತ್ರಿ ಎನ್ನದೆ ತಣ್ಣೀರು ಕುಡಿಯುತ್ತಾನೆ, ರಾತ್ರಿ ಐದಾರು ಸಲ ಮೂತ್ರಕ್ಕೆ ಏಳುತ್ತಾನೆ. ಶುಗರ್ ಟೆಸ್ಟ್ ಮಾಡಿಸಿದರೆ ನಾರ್ಮಲ್. ಕರಾವಳಿಯ ಸೆಕೆಗೆ ಹೀಗಾಗುತ್ತದೆ ಎನ್ನುತ್ತಾರೆ ಮನೆಯವರು. ನೀರು ಕಡಿಮೆ ಮಾಡಿಸಿ ನೋಡಬಹುದೇ?
(ಕುಮಟಾದ ಓದುಗರೊಬ್ಬರು)

ಉತ್ತರ: ಬೇಡ. ನೀರು ನಿಲ್ಲಿಸಿ ನೋಡುವ ಪರೀಕ್ಷೆ ಒಂದಿದೆ ನಿಜ, ಆದರೆ ಅದು ಆಸ್ಪತ್ರೆಯಲ್ಲಿ ನಡೆಯಬೇಕಾದದ್ದು. ನಿಮ್ಮ ತಮ್ಮ ಕುಡಿಯುತ್ತಿರುವುದರಿಂದಲೇ ಅವರ ರಕ್ತದ ಸೋಡಿಯಂ ಅಂಕೆಯಲ್ಲಿರಬಹುದು, ನೀರು ನಿಲ್ಲಿಸಿದರೆ ಅದು ಅಪಾಯದ ಮಟ್ಟಕ್ಕೆ ಏರಬಹುದು.

ಸೆಕೆಯ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಸೆಕೆಗೆ ನೀರು ಬೆವರಾಗಿ ಹೋಗುತ್ತದೆ, ಮೂತ್ರ ಕಡಿಮೆಯಾಗಿ ಹಳದಿಗಟ್ಟುತ್ತದೆ. ಮೇ ತಿಂಗಳ ಕುಮಟಾದಲ್ಲೂ ಮೂತ್ರ ನೀರಿನಷ್ಟೇ ತಿಳಿಯಾಗಿ ಧಾರಾಳವಾಗಿ ಹೋಗುತ್ತಿದ್ದರೆ ಕಾರಣ ಬೇರೆ ಇದೆ. ತಲೆಗೆ ಪೆಟ್ಟು ಬಿದ್ದದ್ದನ್ನೂ ಸೇರಿಸಿ ನೋಡಿದರೆ ಮೊದಲು ನೆನಪಾಗುವುದು ಡಯಾಬಿಟಿಸ್ ಇನ್ಸಿಪಿಡಸ್, ಅಂದರೆ ದೇಹ ನೀರು ಹಿಡಿದಿಟ್ಟುಕೊಳ್ಳಲಾರದೆ ತೆಳು ಮೂತ್ರ ಧಾರಾಳವಾಗಿ ಹೋಗುವ ಕಾಯಿಲೆ. ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. 2022ರಲ್ಲಿ ವೈದ್ಯರ ಸಂಘಟನೆಗಳು ಹೆಸರು ಬದಲಿಸಿದ್ದರಿಂದ ರಿಪೋರ್ಟಿನಲ್ಲಿ ‘ಎವಿಪಿ ಡೆಫಿಶಿಯನ್ಸಿ’ ಎಂದು ಕಂಡರೂ ಅದು ಇದೇ.

ಮಿದುಳಿನ ಹೈಪೊಥಲಾಮಸ್‌ನಲ್ಲಿ ವ್ಯಾಸೊಪ್ರೆಸಿನ್ (ಇದೇ ಎವಿಪಿ) ಎಂಬ ಹಾರ್ಮೋನು ತಯಾರಾಗಿ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ ಶೇಖರವಾಗುತ್ತದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಹೊರಹೋಗುವುದು ಒಂದೆರಡು ಲೀಟರ್ ಮಾತ್ರ. ಕೊನೆಯ ಹಂತದಲ್ಲಿ ನೀರನ್ನು ಹಿಂದಕ್ಕೆ ಎಳೆದುಕೊಳ್ಳಲು ಈ ಹಾರ್ಮೋನು ಬೇಕು. ತಲೆಯ ಪೆಟ್ಟು, ಗಡ್ಡೆ, ಪಿಟ್ಯುಟರಿಯ ಆಪರೇಷನ್ ಇವುಗಳಿಂದ ಹಾರ್ಮೋನು ಕಡಿಮೆಯಾಗಬಹುದು. ಇನ್ನು ಕೆಲವರಲ್ಲಿ ಹಾರ್ಮೋನು ಸಾಕಷ್ಟಿದ್ದರೂ ಮೂತ್ರಪಿಂಡ ಅದಕ್ಕೆ ಓಗೊಡುವುದಿಲ್ಲ: ಮಾನಸಿಕ ಕಾಯಿಲೆಗೆಂದು ವರ್ಷಗಟ್ಟಲೆ ಲಿಥಿಯಂ ಮಾತ್ರೆ ತಿಂದವರು, ಕ್ಯಾಲ್ಸಿಯಂ ಏರಿದವರು, ಪೊಟ್ಯಾಸಿಯಂ ಇಳಿದವರು, ಹುಟ್ಟಿನಿಂದಲೇ ದೋಷವಿರುವ ಮಕ್ಕಳು. ಬರೀ ಅಭ್ಯಾಸಬಲದಿಂದ ವಿಪರೀತ ನೀರು ಕುಡಿಯುವವರೂ ಇದ್ದಾರೆ. ಪರೀಕ್ಷೆಗಳೆಲ್ಲ ಇವರನ್ನು ಬೇರ್ಪಡಿಸುವುದಕ್ಕೇ.

ಮನೆಯಲ್ಲಿ ಮಾಡಬಹುದಾದದ್ದು ಒಂದೇ, 24 ತಾಸಿನ ಮೂತ್ರದ ಲೆಕ್ಕ. ಬೆಳಿಗ್ಗೆ ಆರಕ್ಕೆ ಎದ್ದು ಮಾಡಿದ ಮೊದಲ ಮೂತ್ರವನ್ನು ಚೆಲ್ಲಿ ಸಮಯ ಬರೆದಿಡಿ. ಆಮೇಲಿನದನ್ನೆಲ್ಲ, ಮರುದಿನ ಆರರದ್ದೂ ಸೇರಿ, ಕ್ಯಾನಿನಲ್ಲಿ ತುಂಬಿ ಅಳೆಯಿರಿ. ಐದು ಲೀಟರಿನದ್ದು ಒಂದೇ ಸಾಲದು, ಎರಡಿರಲಿ. ಅಷ್ಟೂ ಹೊತ್ತು ನೀರು ಎಂದಿನಂತೆ ಕುಡಿಯಲಿ. ದೊಡ್ಡವರಲ್ಲಿ 3 ಲೀಟರ್ ದಾಟಿದರೆ ಮುಂದಿನ ತಪಾಸಣೆ ಬೇಕು.

ರಕ್ತದ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ರಿಯಾಟಿನಿನ್ ಜೊತೆಗೆ ರಕ್ತ ಮತ್ತು ಮೂತ್ರದ ಆಸ್ಮೊಲಾಲಿಟಿ (ಎಷ್ಟು ಗಟ್ಟಿ, ಎಷ್ಟು ತೆಳು ಎಂಬ ಅಳತೆ) ನೋಡುತ್ತಾರೆ. ಮೂತ್ರದ್ದು 300ಕ್ಕಿಂತ ಕೆಳಗಿದ್ದರೆ ಸಂಶಯ ಬಲವಾಗುತ್ತದೆ. ಮೂತ್ರ ತೆಳುವಾಗಿದ್ದೂ ಸೋಡಿಯಂ ಆಗಲೇ ಏರಿದ್ದರೆ ನೀರು ನಿಲ್ಲಿಸುವ ಪರೀಕ್ಷೆಯ ಅಗತ್ಯವೇ ಬೀಳುವುದಿಲ್ಲ. ಇಲ್ಲದಿದ್ದರೆ ಹಲವು ತಾಸು ನೀರು ಕೊಡದೆ, ಆಗಾಗ ತೂಕ, ಮೂತ್ರ, ಸೋಡಿಯಂ ನೋಡುತ್ತ ಹೋಗುತ್ತಾರೆ, ತೂಕ ಶೇ. 3ಕ್ಕಿಂತ ಹೆಚ್ಚು ಇಳಿದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಬಳಿಕ ವ್ಯಾಸೊಪ್ರೆಸಿನ್‌ನಂತೆಯೇ ಕೆಲಸ ಮಾಡುವ ಡೆಸ್ಮೊಪ್ರೆಸಿನ್ ಎಂಬ ಔಷಧಿ ಕೊಟ್ಟಾಗ ಮೂತ್ರ ಚೆನ್ನಾಗಿ ಗಟ್ಟಿಯಾದರೆ ಕೊರತೆ ಹಾರ್ಮೋನಿನದ್ದು, ಜಗ್ಗದಿದ್ದರೆ ತೊಂದರೆ ಮೂತ್ರಪಿಂಡದ್ದು. ಕೊಪೆಪ್ಟಿನ್ ಎಂಬ ಹೊಸ ರಕ್ತಪರೀಕ್ಷೆಯೂ ಬಂದಿದೆ, ಎಲ್ಲ ಕಡೆ ಸಿಗದು. ಪಿಟ್ಯುಟರಿಯ ಎಂಆರ್‌ಐ ಬೇಕಾದೀತು. ತಲೆಗೆ ಪೆಟ್ಟಾದವರಲ್ಲಿ ಥೈರಾಯ್ಡ್, ಕಾರ್ಟಿಸಾಲ್ ಸಹ ನೋಡಿಸಬೇಕು.

ಇದಕ್ಕೆ ಎಂಡೊಕ್ರೈನಾಲಜಿಸ್ಟ್ (ಹಾರ್ಮೋನು ತಜ್ಞರು) ಬೇಕು. ನಮ್ಮ ಜಿಲ್ಲೆಯವರು ಸಾಮಾನ್ಯವಾಗಿ ಮಣಿಪಾಲ, ಮಂಗಳೂರು ಇಲ್ಲವೇ ಹುಬ್ಬಳ್ಳಿಗೆ ಹೋಗುತ್ತಾರೆ. ಬಸ್ಸಿನಲ್ಲಿ ಮೂತ್ರಕ್ಕೆ ತೊಂದರೆ ಎಂದು ಹೊರಡುವ ಮುಂಚೆಯೇ ನೀರು ಬಿಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಬಾಟಲಿ ಕೈಯಲ್ಲೇ ಇರಲಿ.

ಹಾರ್ಮೋನಿನ ಕೊರತೆಗೆ ಡೆಸ್ಮೊಪ್ರೆಸಿನ್ ಮಾತ್ರೆ ಅಥವಾ ಮೂಗಿನ ಸ್ಪ್ರೇ ಇದೆ. ರಾತ್ರಿ ನಿದ್ದೆಯಾಗುವಷ್ಟು ಸಣ್ಣ ಪ್ರಮಾಣದಿಂದ ಶುರು ಮಾಡುತ್ತಾರೆ. ಪೆಟ್ಟಾದ ಹೊಸತರಲ್ಲಿ ಬಂದದ್ದು ಎಷ್ಟೋ ಜನರಲ್ಲಿ ತಾನಾಗಿ ಇಳಿಯುತ್ತದೆ, ತಿಂಗಳುಗಟ್ಟಲೆ ಉಳಿದರೆ ಔಷಧಿಯೂ ಬಹುಕಾಲ ಬೇಕಾಗಬಹುದು. ಔಷಧಿ ಶುರುವಾದ ಮೇಲೆ ಅಪಾಯ ಮಗ್ಗುಲು ಬದಲಿಸುತ್ತದೆ. ಹಳೆಯ ಅಭ್ಯಾಸದಂತೆ ಚೊಂಬುಗಟ್ಟಲೆ ಕುಡಿದರೆ ನೀರು ಒಳಗೇ ಉಳಿದು ಸೋಡಿಯಂ ಕುಸಿಯುತ್ತದೆ: ತಲೆನೋವು, ವಾಕರಿಕೆ, ಗೊಂದಲ, ಕೊನೆಗೆ ಫಿಟ್ಸ್. ಆಗ ಬಾಯಾರಿದರೆ ಮಾತ್ರ ಕುಡಿಯಬೇಕು. ಶಿರಸಿ ಕಡೆ ನೆಂಟರ ಮನೆಯಲ್ಲಿ ಆಸರಿಗೆ ಎಂದು ಮಜ್ಜಿಗೆ, ಮುರುಗಲ ಪಾನಕ ಒಂದರ ಹಿಂದೊಂದು ಬರುತ್ತವೆ, ಒಂದು ಲೋಟಕ್ಕೆ ಕೈಮುಗಿಯಲಿ.

ಮೂತ್ರಪಿಂಡವೇ ಓಗೊಡದ ಬಗೆಯ ಕಾಯಿಲೆಗೆ ಡೆಸ್ಮೊಪ್ರೆಸಿನ್ ಅಷ್ಟಾಗಿ ನಾಟುವುದಿಲ್ಲ. ವಿಚಿತ್ರವೆಂದರೆ, ಮೂತ್ರ ಹೆಚ್ಚಿಸುವ ಥಯಾಜೈಡ್ ಮಾತ್ರೆಯೇ ಇಲ್ಲಿ ಮೂತ್ರ ಕಡಿಮೆ ಮಾಡುತ್ತದೆ. ಉಪ್ಪೂ ಇಳಿಯಬೇಕು: ಒಣಮೀನು, ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಲಿಥಿಯಂ ಕಾರಣವಾಗಿದ್ದರೂ ಅದನ್ನು ತಾವಾಗಿ ಬಿಡಬಾರದು.

ನೀರಿಲ್ಲದ ಉಪವಾಸ ಇವರಿಗೆ ಸಲ್ಲ. ವಾಂತಿಭೇದಿಯಾಗಿ ನೀರು ಕುಡಿಯಲಾಗದಿದ್ದರೆ, ಮಂಪರು ಕವಿದರೆ, ಮಾತು ತಡವರಿಸಿದರೆ ಮಣಿಪಾಲದ ಅಪಾಯಿಂಟ್‌ಮೆಂಟ್ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಒಯ್ದು, ತಲೆಗೆ ಪೆಟ್ಟಾದದ್ದನ್ನೂ ಈ ಕಾಯಿಲೆಯ ಸಂಶಯವನ್ನೂ ಮೊದಲ ಮಾತಿಗೇ ಹೇಳಿ, ಸೋಡಿಯಂ ನೋಡಿಸಿ.