ಬಿಸಿ ಗ್ರಿಪ್ಪಿನ ಬಿಸಿ ಎಲ್ಲಿಗೆ ಹೋಯಿತು?

ಬೈಕಿಗೆ ಬಿಸಿಯಾಗುವ ಗ್ರಿಪ್ ಹಾಕಿಸಿಕೊಂಡವರು ಸಾಮಾನ್ಯವಾಗಿ ಹೇಳುವ ಮೊದಲ ದೂರು, ಬಲಗೈಯದು ಚೆನ್ನಾಗಿ ಕಾಯುತ್ತದೆ, ಎಡಗೈಯದು ಮಾತ್ರ ಉಗುರುಬೆಚ್ಚಗೇ ಉಳಿಯುತ್ತದೆ ಎಂಬುದು. ಮಾಲೇ ಕಳಪೆಯೆಂದು ತೀರ್ಮಾನಿಸಿ ಅಂಗಡಿಗೆ ಹಿಂದಿರುಗಿಸುವವರಿದ್ದಾರೆ. ಆದರೆ ಬಹಳಷ್ಟು ಸಲ ಎರಡರಲ್ಲೂ ಹುಟ್ಟುವ ಶಾಖ ಒಂದೇ. ಅದು ಹರಿದುಹೋಗುವ ದಾರಿ ಮಾತ್ರ ಬೇರೆ. ಬಲಗಡೆಯ ಗ್ರಿಪ್ ಥ್ರಾಟಲ್‌ನ, ಅಂದರೆ ಆಕ್ಸಿಲರೇಟರಿನ, ಪ್ಲಾಸ್ಟಿಕ್ ಕೊಳವೆಯ ಮೇಲೆ ಕೂರುತ್ತದೆ, ಎಡಗಡೆಯದು ನೇರವಾಗಿ ಹ್ಯಾಂಡಲ್‌ನ ಲೋಹದ ಮೇಲೆ. ಪ್ಲಾಸ್ಟಿಕ್‌ಗಿಂತ ನೂರಾರು ಪಟ್ಟು ಸಲೀಸಾಗಿ ಶಾಖವನ್ನು ಸಾಗಿಸುವ ಲೋಹ, ಕುದಿಯುವ ಸಾರಿನಲ್ಲಿ ಮರೆತುಬಿಟ್ಟ ಸ್ಟೀಲ್ ಸೌಟಿನಂತೆ, ತನ್ನ ಉದ್ದಕ್ಕೂ ಬಿಸಿಯನ್ನು ಎಳೆದುಕೊಂಡು ಎದುರುಗಾಳಿಗೆ ಒಪ್ಪಿಸುತ್ತದೆ. ಗ್ರಿಪ್ ತೊಡಿಸುವ ಮೊದಲು ಎಡಗಡೆಯ ಹ್ಯಾಂಡಲ್‌ಗೆ ಹೀಟ್‌ಶ್ರಿಂಕ್ ಸ್ಲೀವ್‌ನ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಒಂದು ಪದರ ಹೊದಿಸಿದರೆ ಈ ಸೋರಿಕೆ ಬಹುಮಟ್ಟಿಗೆ ತಗ್ಗುತ್ತದೆ. ಎಡ ಗ್ರಿಪ್ಪಿನ ಒಳವ್ಯಾಸವನ್ನು 22 ಮಿಲಿಮೀಟರಿನ ಹ್ಯಾಂಡಲ್‌ಗೆ ಬಿಗಿಯಾಗಿ ಕೂರುವಂತೆ ಮಾಡಿರುವುದರಿಂದ ಆ ಪದರ ತೆಳ್ಳಗಿರಬೇಕು, ಅಷ್ಟೆ.

ಜೋಡಣೆಯ ಉಳಿದ ತಪ್ಪುಗಳಲ್ಲಿ ಹೆಚ್ಚಿನವು ಶಾಖದ ಹರಿವಿಗಿಂತ ಅದರ ಹುಟ್ಟಿಗೆ ಸಂಬಂಧಿಸಿದವು. ವಿದ್ಯುತ್ತಿನಿಂದ ಶಾಖ ಹುಟ್ಟುವ ನಿಯಮವನ್ನು ಕಂಡುಹಿಡಿದ ಜೇಮ್ಸ್ ಪ್ರೆಸ್ಕಾಟ್ ಜೂಲ್ ಇಂಗ್ಲೆಂಡಿನ ಸ್ಯಾಲ್ಫರ್ಡ್‌ನಲ್ಲಿ ಬಿಯರ್ ತಯಾರಿಸುವ ಮನೆತನದಲ್ಲಿ 1818ರಲ್ಲಿ ಹುಟ್ಟಿದವನು. ಇನ್ನೂ ಇಪ್ಪತ್ತೆರಡರ ಆಸುಪಾಸಿನಲ್ಲಿದ್ದಾಗಲೇ, 1840ರಲ್ಲಿ, ಗಾಜಿನ ನಳಿಕೆಗೆ ಸುತ್ತಿದ ತಂತಿಯನ್ನು ನೀರಿನಲ್ಲಿ ಮುಳುಗಿಸಿ, ಅದರಲ್ಲಿ ವಿದ್ಯುತ್ ಹರಿಸಿ, ನೀರು ಎಷ್ಟು ಬಿಸಿಯಾಯಿತೆಂದು ಥರ್ಮಾಮೀಟರಿನಿಂದ ಅಳೆದ. ಹುಟ್ಟುವ ಶಾಖವು ತಂತಿಯ ರೋಧಕ್ಕೂ (ವಿದ್ಯುತ್ತಿನ ಹರಿವಿಗೆ ಅದು ಒಡ್ಡುವ ತಡೆ) ಅದರಲ್ಲಿ ಹರಿಯುವ ಪ್ರವಾಹದ ವರ್ಗಕ್ಕೂ ಅನುಪಾತದಲ್ಲಿರುತ್ತದೆ ಎಂಬ ಅವನ ತೀರ್ಮಾನ ಮರುವರ್ಷ ವಿವರವಾಗಿ ಅಚ್ಚಾಯಿತು. ಈ ನಿಯಮದ ಸೊಗಸು ಅದರ ನಿಷ್ಪಕ್ಷಪಾತದಲ್ಲಿದೆ. ರೋಧ ಎಲ್ಲಿದೆಯೋ ಅಲ್ಲಿ ಶಾಖ ಹುಟ್ಟುತ್ತದೆ. ಆ ಜಾಗ ನಮ್ಮ ಅಂಗೈ ಕೆಳಗಿದೆಯೋ, ಪೆಟ್ರೋಲ್ ಟ್ಯಾಂಕಿನ ಅಡಿಯ ಒಂದು ಸಡಿಲ ಜಾಯಿಂಟಿನಲ್ಲಿದೆಯೋ ಎಂದು ಅದು ಕೇಳುವುದಿಲ್ಲ.

ಇದನ್ನು ಅಂಕಿಗಳಲ್ಲೇ ನೋಡಬಹುದು. ಒಂದೊಂದು ಗ್ರಿಪ್ಪಿನ ರೋಧ 9 ಓಮ್ ಎಂದೂ, ಎಂಜಿನ್ ಓಡುತ್ತಿರುವಾಗ ದೊರಕುವ ವೋಲ್ಟೇಜ್ 13.5 ಎಂದೂ ಇಟ್ಟುಕೊಳ್ಳೋಣ. ಎರಡನ್ನೂ ಸಮಾಂತರವಾಗಿ, ಅಂದರೆ ಒಂದೊಂದಕ್ಕೂ ಪೂರ್ತಿ ವೋಲ್ಟೇಜ್ ಸಿಗುವಂತೆ, ಜೋಡಿಸಿದರೆ ತಲಾ 1.5 ಆಂಪಿಯರ್ ಹರಿದು ತಲಾ 20 ವ್ಯಾಟ್‌ನಷ್ಟು ಶಾಖ ಸಿಗುತ್ತದೆ. ಇಂಥ ಗ್ರಿಪ್‌ಗಳನ್ನೇ ತಿಳಿಯದೆ ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದಾಗಿ, ಜೋಡಿಸಿದರೆ ತಲಾ 5 ವ್ಯಾಟ್ ಮಾತ್ರ, ಅಂದರೆ ಕಾಲು ಭಾಗ. ಇದು ಕೂಡಲೇ ಗೊತ್ತಾಗುವ ತಪ್ಪು. ಗೊತ್ತಾಗದ ತಪ್ಪು ಬೇರೆಯದು. ಮೂಲ ವೈರಿನ ಮೇಲೆ ಕ್ಲಿಪ್ ಒತ್ತಿಯೋ, ಎಳೆಗಳನ್ನು ಬರಿಗೈಯಲ್ಲಿ ಹೊಸೆದು ಟೇಪ್ ಸುತ್ತಿಯೋ ಮಾಡಿದ ಜಾಯಿಂಟಿಗೆ ಮಳೆನೀರು ಇಳಿದು ತಾಮ್ರ ಕಿಲುಬು ಹಿಡಿದು ಅಲ್ಲಿ ಅರ್ಧ ಓಮ್ ರೋಧ ಬೆಳೆಯಿತೆನ್ನಿ. ಆಗ ಒಟ್ಟು ಪ್ರವಾಹ 3 ಆಂಪಿಯರಿನಿಂದ 2.7ಕ್ಕೆ ಇಳಿಯುತ್ತದೆ, ಗ್ರಿಪ್‌ಗಳ ಶಾಖದಲ್ಲಿ ಐದನೇ ಒಂದು ಪಾಲು ಖೋತಾ ಆಗುತ್ತದೆ, ಮತ್ತು ಒಂದು ಸೆಂಟಿಮೀಟರೂ ಇಲ್ಲದ ಆ ಜಾಯಿಂಟಿನಲ್ಲಿ ಮೂರೂವರೆ ವ್ಯಾಟ್‌ಗೂ ಹೆಚ್ಚು ಶಾಖ ಹುಟ್ಟಿ, ಟೇಪಿನ ಅಂಟು ಕರಗುತ್ತ, ತಾಮ್ರ ಇನ್ನಷ್ಟು ಕಪ್ಪಾಗುತ್ತ, ರೋಧ ಇನ್ನೂ ಏರುತ್ತ ಹೋಗುತ್ತದೆ.

ಫ್ಯೂಸ್ ಇದೆಯಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಫ್ಯೂಸ್ ಉರಿಯುವುದು ಪ್ರವಾಹ ಹೆಚ್ಚಿದಾಗ. ಕೆಟ್ಟ ಜಾಯಿಂಟಿನಿಂದ ಪ್ರವಾಹ ಕಡಿಮೆಯಾಗುತ್ತದೆ. ಫ್ಯೂಸ್ ಇರುವುದು ವೈರನ್ನು ಶಾರ್ಟ್ ಸರ್ಕ್ಯೂಟಿನಿಂದ ಕಾಯಲು, ಆದ್ದರಿಂದ ಅದು ಬ್ಯಾಟರಿಯ ಧನ ತುದಿಯ ಹತ್ತಿರವೇ ಇರಬೇಕು. 5 ಆಂಪಿಯರಿನದು ಪದೇಪದೇ ಹೋಗುತ್ತದೆಂದು 15ರದ್ದನ್ನು ತುರುಕುವ ನಮ್ಮ ಜಾಣತನಕ್ಕೆ ಏನೆನ್ನಬೇಕೋ ತಿಳಿಯದು. ಎಲ್ಲೋ ಸವೆದು ಫ್ರೇಮಿಗೆ ತಾಗುತ್ತಿರುವ ವೈರನ್ನು ಹುಡುಕುವ ಬದಲು ಆ ವೈರನ್ನೇ ಫ್ಯೂಸ್ ಮಾಡಿದಂತಾಯಿತು. ಜಾಯಿಂಟಿನ ದೋಷವನ್ನು ಹಿಡಿಯುವುದು ಮಲ್ಟಿಮೀಟರ್. ಗ್ರಿಪ್ ಪೂರ್ತಿ ಬಿಸಿಯಲ್ಲಿ ನಡೆಯುತ್ತಿರುವಾಗ ಬ್ಯಾಟರಿಯಲ್ಲೊಮ್ಮೆ, ಗ್ರಿಪ್ಪಿನ ಕನೆಕ್ಟರಿನಲ್ಲೊಮ್ಮೆ ವೋಲ್ಟೇಜ್ ಅಳೆಯಬೇಕು. ನಮ್ಮ ಉದಾಹರಣೆಯಲ್ಲಿ ಎರಡರ ನಡುವೆ 1.35 ವೋಲ್ಟ್ ವ್ಯತ್ಯಾಸ ಕಾಣುತ್ತದೆ, ಅದೇ ದೋಷದ ಗುರುತು. ಜಾಯಿಂಟನ್ನು ಕತ್ತರಿಸಿ, ಬೆಸುಗೆ ಹಾಕಿಯೋ ಕ್ರಿಂಪ್ ಮಾಡಿಯೋ (ಲೋಹದ ಕೊಳವೆಯಲ್ಲಿಟ್ಟು ಒತ್ತಿ ಬಿಗಿದೋ), ಅಂಟಿರುವ ಹೀಟ್‌ಶ್ರಿಂಕ್‌ನಿಂದ ಮುಚ್ಚಿ, ವೈರಿನ ಎಳೆತ ಅದರ ಮೇಲೆ ಬೀಳದಂತೆ ಕಟ್ಟಬೇಕು.

ಬ್ಯಾಟರಿಗೆ ನೇರ ಸಂಪರ್ಕ ಕೊಟ್ಟು ಸ್ವಿಚ್ ಆರಿಸಲು ಮರೆತರೆ 8 ಆಂಪಿಯರ್-ಗಂಟೆಯ ಬ್ಯಾಟರಿ ಮೂರು ಗಂಟೆಯಲ್ಲಿ ಬರಿದಾಗುತ್ತದೆ. ಇಗ್ನಿಷನ್ ಹಾಕಿದಾಗ ಮಾತ್ರ ಜೀವ ಬರುವ ಪಾರ್ಕಿಂಗ್ ಲೈಟಿನ ವೈರಿನಿಂದ ಒಂದು ರಿಲೇ (ಅಲ್ಪ ಪ್ರವಾಹದಿಂದ ದೊಡ್ಡ ಪ್ರವಾಹವನ್ನು ಹಾಕಿ ಆರಿಸುವ ಸ್ವಿಚ್) ನಡೆಸಿದರೆ ಈ ಚಿಂತೆ ಇಲ್ಲ. ಆ ತೆಳು ವೈರ್ ರಿಲೇಯ ಸುರುಳಿಗೆ ಬೇಕಾದ ಅಲ್ಪ ಪ್ರವಾಹವನ್ನಷ್ಟೇ ಹೊರುತ್ತದೆ.

ಎಲ್ಲವೂ ಸರಿಯಿದ್ದೂ ಬೆರಳು ಮರಗಟ್ಟುತ್ತದೆ ಎನ್ನುವವರು ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಕೆನಡಾ ಮತ್ತು ಅಮೆರಿಕದಲ್ಲಿ 2001ರಿಂದ ಬಳಕೆಯಲ್ಲಿರುವ ಸೂತ್ರದ ಪ್ರಕಾರ, 5 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಗಂಟೆಗೆ 80 ಕಿಲೋಮೀಟರ್ ಗಾಳಿಗೆ ಒಡ್ಡಿದ ಚರ್ಮಕ್ಕೆ ಅದು ಸುಮಾರು ಮೈನಸ್ 3ರಂತೆ ಅನ್ನಿಸುತ್ತದೆ. ಗ್ರಿಪ್ ಬಿಸಿಮಾಡುವುದು ಅಂಗೈಯನ್ನು, ಗಾಳಿ ಹೊಡೆಯುವುದು ಅಂಗೈಯ ಹಿಂಬದಿಗೆ. ಮೈ ತಣ್ಣಗಾದರೆ ದೇಹವೇ ಬೆರಳುಗಳ ರಕ್ತನಾಳಗಳನ್ನು ಬಿಗಿದು ಶಾಖವನ್ನು ಎದೆ ಹೊಟ್ಟೆಗಳಿಗೆ ಮೀಸಲಿಡುತ್ತದೆ. ಹೀಗಾಗಿ ಲಡಾಖಿಗೆ ಹೊರಡುವ ಬೆಂಗಳೂರಿನ ಸವಾರರಿಗೆ ಗ್ರಿಪ್ಪಿನಷ್ಟೇ ಹ್ಯಾಂಡಲ್ ಮುಂದೆ ಗಾಳಿಯನ್ನು ತಡೆಯುವ ಕೈಗಾವಲೂ, ಬೆಚ್ಚಗಿನ ಜಾಕೆಟ್ಟೂ ಮುಖ್ಯ. ಅಂಗೈ ಕಡೆ ದಪ್ಪಗಿರುವ ಗ್ಲೋವ್ಸ್ ತೊಟ್ಟರಂತೂ ಕೊಂಡ ಶಾಖಕ್ಕೆ ತಾವೇ ಅಡ್ಡಗೋಡೆ ಕಟ್ಟಿದಂತೆ.

ಜೀವಕ್ಕೇ ಅಪಾಯವಾಗಬಹುದಾದ ತಪ್ಪು ಮಾತ್ರ ವಿದ್ಯುತ್ತಿನದಲ್ಲ. ಬಲ ಗ್ರಿಪ್ಪಿನ ವೈರ್ ಥ್ರಾಟಲ್ ಜೊತೆಗೇ ತಿರುಗುತ್ತದೆ. ಸಡಿಲವಾದ ಸುರುಳಿ ಬಿಡದಿದ್ದರೆ ಅದು ದಿನೇ ದಿನೇ ಬಾಗಿ ಒಳಗೇ ತುಂಡಾಗುತ್ತದೆ, ಇಲ್ಲವೇ ಬ್ರೇಕ್ ಲಿವರಿನ ಬುಡಕ್ಕೆ ಸಿಕ್ಕಿ ಥ್ರಾಟಲ್ ಮರಳದಂತೆ ಹಿಡಿಯುತ್ತದೆ. ಕೊಳವೆಯ ಒಳಕ್ಕೆ ಸೋರಿದ ಅಂಟು, ಹ್ಯಾಂಡಲ್ ತುದಿಗೆ ಕೂರಿಸಿರುವ ತೂಕಕ್ಕೆ ಉಜ್ಜುವ ಗ್ರಿಪ್ಪಿನ ಅಂಚು ಮಾಡುವುದೂ ಇದನ್ನೇ. ಅಂಟು ಪೂರ್ತಿ ಒಣಗಿದ ಮೇಲೆ, ಬೈಕನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ ನೋಡಬೇಕು. ಎರಡೂ ಕೊನೆಗಳಲ್ಲಿ ಎಂಜಿನ್ನಿನ ಸದ್ದು ಏರಬಾರದು, ತಿರುವಿ ಬಿಟ್ಟ ಥ್ರಾಟಲ್ ತಾನಾಗಿಯೇ ಪಟ್ಟನೆ ಮುಚ್ಚಬೇಕು. ಹಾಗೆ ಮುಚ್ಚದಿದ್ದರೆ ಗ್ರಿಪ್ಪನ್ನು ಕಳಚಿ ಮತ್ತೆ ಮೊದಲಿನಿಂದ ಕೂರಿಸಬೇಕು.